ಲೆಡ್ಜರ್ ಮುಚ್ಚಿ ಸರ್ವರ್ ತೆರೆದಾಗ: ಬ್ಯಾಂಕ್ ಲೆಕ್ಕದ ನಲವತ್ತು ವರ್ಷ

1983ರ ಸೆಪ್ಟೆಂಬರಿನಲ್ಲಿ ಭಾರತೀಯ ಬ್ಯಾಂಕುಗಳ ಸಂಘವೂ ನೌಕರರ ಸಂಘಟನೆಗಳೂ ಒಂದು ಒಪ್ಪಂದಕ್ಕೆ ಬಂದವು. ಲೆಕ್ಕ ಬರೆಯುವ ಯಂತ್ರಗಳನ್ನು ಬ್ಯಾಂಕಿನೊಳಗೆ ಎಲ್ಲಿ, ಎಷ್ಟು, ಯಾವ ಕೆಲಸಕ್ಕೆ ಇಡಬಹುದು ಎಂದು ಅಳೆದು ತೂಗಿ ಬರೆದ ಒಪ್ಪಂದ ಅದು. ಅದರ ಹಿಂದೆ ವರ್ಷಗಳ ಜಗ್ಗಾಟವಿತ್ತು. ಯಂತ್ರ ಬಂದರೆ ಗುಮಾಸ್ತರ ಹೊಟ್ಟೆಯ ಮೇಲೆ ಹೊಡೆತ ಬೀಳುತ್ತದೆ ಎಂಬ ಭಯ ನೌಕರರದು. ಯಂತ್ರವಿಲ್ಲದೆ ಏರುತ್ತಿರುವ ವ್ಯವಹಾರವನ್ನು ನಿಭಾಯಿಸಲಾಗದು ಎಂಬ ವಾದ ಆಡಳಿತದ್ದು. ಎರಡರಲ್ಲೂ ಹುರುಳಿತ್ತು. ಆ ಗದ್ದಲದಲ್ಲಿ ಮೂರನೆಯ ಪ್ರಶ್ನೆಯೊಂದು ಹಿಂದೆ ಉಳಿಯಿತು: ಯಂತ್ರ ಬಂದರೆ ಬ್ಯಾಂಕು ವರ್ಷಕ್ಕೊಮ್ಮೆ ಜನರ ಮುಂದಿಡುವ ಲೆಕ್ಕ ಹೆಚ್ಚು ನಿಜವಾಗುತ್ತದೆಯೇ? ಭಾರತದ ಬ್ಯಾಂಕುಗಳು ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ನಾಲ್ಕು ದಶಕ ಕಳೆದಿವೆ, ಸಾವಿರಾರು ಕೋಟಿ ರೂಪಾಯಿಗಳನ್ನೂ ಕಳೆದುಕೊಂಡಿವೆ.

ಆಗಿನ ಶಾಖೆಯ ಲೆಕ್ಕ ಹೇಗಿತ್ತೆಂಬುದನ್ನು ಕರ್ನಾಟಕದ ಓದುಗರಿಗೆ ಹೆಚ್ಚು ವಿವರಿಸಬೇಕಿಲ್ಲ. ಹಳೆಯ ದಕ್ಷಿಣ ಕನ್ನಡ ಜಿಲ್ಲೆಯೊಂದರಲ್ಲೇ ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ ಎಂದು ಐದು ದೊಡ್ಡ ಬ್ಯಾಂಕುಗಳು ಹುಟ್ಟಿದವು. ಬ್ಯಾಂಕ್ ನೌಕರರಿಲ್ಲದ ಬಂಧುಬಳಗ ಈ ಭಾಗದಲ್ಲಿ ಅಪರೂಪ. ಮಧ್ಯಾಹ್ನ ಕೌಂಟರ್ ಮುಚ್ಚಿದ ಮೇಲೆ ನಿಜವಾದ ಕೆಲಸ ಶುರು. ವೋಚರುಗಳು ಡೇಬುಕ್ಕಿಗೆ, ಡೇಬುಕ್ಕಿನ ಮೊತ್ತ ಜನರಲ್ ಲೆಡ್ಜರಿಗೆ. ಖಾತೆಗಳ ಬಾಕಿ ಕೂಡಿ ಜನರಲ್ ಲೆಡ್ಜರಿನ ಮೊತ್ತಕ್ಕೆ ತಾಳೆಯಾಗಬೇಕು. ಕೆಲವು ಪೈಸೆಗಳ ವ್ಯತ್ಯಾಸ ಬಂದರೂ ರಾತ್ರಿಯವರೆಗೆ ಕೂತು ಹುಡುಕುವ ನಿಷ್ಠೆ ಆ ಪೀಳಿಗೆಗಿತ್ತು. ಡಿಸೆಂಬರ್ ಕೊನೆಯ ವಾರ್ಷಿಕ ಕ್ಲೋಸಿಂಗ್ ಎಂದರೆ ಮನೆಮಂದಿ ಊಟಕ್ಕೆ ಕಾಯುವುದನ್ನೇ ಬಿಟ್ಟ ದಿನಗಳು.

ಆದರೆ ತಾಳೆಯಾದ ಲೆಕ್ಕವೆಲ್ಲ ನಿಜವಾದ ಲೆಕ್ಕವಲ್ಲ. ಎರಡು ಕಡೆ ಹುಳುಕಿತ್ತು. ಒಂದು, ಶಾಖೆ ಶಾಖೆಗಳ ನಡುವಿನ ಲೆಕ್ಕ. ಮಂಗಳೂರಿನ ಶಾಖೆ ಡ್ರಾಫ್ಟ್ ಬರೆದು ಕೊಡುತ್ತದೆ, ಮುಂಬೈ ಶಾಖೆ ಹಣ ಕೊಡುತ್ತದೆ. ಎರಡರ ಸೂಚನಾಪತ್ರಗಳು ಅಂಚೆಯಲ್ಲಿ ಪ್ರಧಾನ ಕಚೇರಿಗೆ ಬಂದು ಜೋಡಿಯಾಗಬೇಕು. ಜೋಡಿ ಸಿಗದ ನಮೂದುಗಳು ಲಕ್ಷಗಟ್ಟಲೆ ಬಿದ್ದಿರುತ್ತಿದ್ದವು, ವರ್ಷಗಟ್ಟಲೆ. ಕದಿಯಬೇಕೆನ್ನುವವನಿಗೆ ಅದಕ್ಕಿಂತ ಒಳ್ಳೆಯ ಅಡಗುತಾಣ ಬೇಕಿರಲಿಲ್ಲ. ಇನ್ನೊಂದು ಹುಳುಕು ಹೆಚ್ಚು ಆಳದ್ದು. ಸಾಲಗಾರ ಬಡ್ಡಿ ಕಟ್ಟಲಿ ಬಿಡಲಿ, ಬ್ಯಾಂಕು ಬಡ್ಡಿಯನ್ನು ಸಾಲದ ಖಾತೆಗೆ ಖರ್ಚು ಬರೆದು ತನ್ನ ಆದಾಯಕ್ಕೆ ಜಮೆ ಮಾಡಿಕೊಳ್ಳಬಹುದಿತ್ತು. ಮುಚ್ಚಿದ ಕಾರ್ಖಾನೆಯ ಸಾಲವೂ ಕಾಗದದ ಮೇಲೆ ಲಾಭ ತರುತ್ತಿತ್ತು. 1985ರಲ್ಲಿ ರಿಸರ್ವ್ ಬ್ಯಾಂಕು ಸಾಲಗಳನ್ನು ಎಂಟು ಆರೋಗ್ಯ ಸಂಕೇತಗಳಾಗಿ ವಿಂಗಡಿಸುವ ಪದ್ಧತಿ ತಂದಿತಾದರೂ, ಯಾವ ಸಾಲ ಯಾವ ಸಂಕೇತಕ್ಕೆ ಎಂಬುದು ಬಹುಮಟ್ಟಿಗೆ ಆಯಾ ಬ್ಯಾಂಕಿನ ಅಭಿಪ್ರಾಯಕ್ಕೆ ಬಿಟ್ಟ ಮಾತಾಗಿತ್ತು.

ರಿಸರ್ವ್ ಬ್ಯಾಂಕಿನ ಡೆಪ್ಯುಟಿ ಗವರ್ನರ್ ಆಗಿದ್ದ ಸಿ. ರಂಗರಾಜನ್ ಅವರ ಮೊದಲ ಸಮಿತಿ 1984ರಲ್ಲಿ ವರದಿ ಕೊಟ್ಟ ಮೇಲೆ ಶಾಖೆಗಳಿಗೆ ಎಎಲ್‌ಪಿಎಂ ಎಂಬ ಲೆಡ್ಜರ್ ಯಂತ್ರಗಳು ಬಂದವು. ಉಳಿತಾಯ ಖಾತೆಗೊಂದು, ಚಾಲ್ತಿ ಖಾತೆಗೊಂದು ಎಂಬಂತೆ ಬಿಡಿ ಬಿಡಿ ಯಂತ್ರಗಳು. ಒಂದಕ್ಕೂ ಇನ್ನೊಂದಕ್ಕೂ ಮಾತಿಲ್ಲ. ಕೂಡುವ ಕಳೆಯುವ ಶ್ರಮ ಇಳಿಯಿತು, ಬಡ್ಡಿ ಲೆಕ್ಕದ ತಪ್ಪು ಕಡಿಮೆಯಾಯಿತು. ಲೆಕ್ಕದ ಹಳೆಯ ಎರಡು ಹುಳುಕುಗಳು ಮಾತ್ರ ಇದ್ದಲ್ಲೇ ಇದ್ದವು.

ಅವು ಎಷ್ಟು ಆಳವಾಗಿದ್ದವು ಎಂಬುದು 1992ರಲ್ಲಿ ಒಮ್ಮೆಲೇ ಬಯಲಾಯಿತು.

ಆ ವರ್ಷದ ಏಪ್ರಿಲಿನಲ್ಲಿ ಪತ್ರಕರ್ತೆ ಸುಚೇತಾ ದಲಾಲ್ ಟೈಮ್ಸ್ ಆಫ್ ಇಂಡಿಯಾದಲ್ಲಿ ಬರೆದ ವರದಿ ಷೇರು ದಲ್ಲಾಳಿ ಹರ್ಷದ್ ಮೆಹ್ತಾ ಹಗರಣದ ಬಾಗಿಲು ತೆರೆಯಿತು. ಜನ ಅದನ್ನು ಷೇರುಪೇಟೆಯ ಹಗರಣವೆಂದು ನೆನಪಿಟ್ಟುಕೊಂಡಿದ್ದಾರೆ. ಬುಡದಲ್ಲಿ ಅದು ಲೆಕ್ಕ ಬರೆಯುವ ಪದ್ಧತಿಯ ಹಗರಣ. ಸರ್ಕಾರಿ ಸಾಲಪತ್ರಗಳನ್ನು ಬ್ಯಾಂಕುಗಳು ತಮ್ಮ ತಮ್ಮೊಳಗೆ ಮಾರಿಕೊಳ್ಳುತ್ತಿದ್ದವು. ಯಾವ ಬ್ಯಾಂಕಿನ ಬಳಿ ಎಷ್ಟು ಸಾಲಪತ್ರವಿದೆ ಎಂಬ ಅಧಿಕೃತ ದಾಖಲೆ ರಿಸರ್ವ್ ಬ್ಯಾಂಕಿನ ಸಾರ್ವಜನಿಕ ಸಾಲ ಕಚೇರಿಯ ಎಸ್‌ಜಿಎಲ್ ಲೆಡ್ಜರಿನಲ್ಲಿ. ಆ ಲೆಡ್ಜರನ್ನು ಕೈಯಲ್ಲಿ ಬರೆಯುತ್ತಿದ್ದರು, ಬರೆಯುವುದು ತಡವಾಗುತ್ತಿತ್ತು. ಮಾರುಕಟ್ಟೆಗೆ ಅಷ್ಟು ಹೊತ್ತು ಕಾಯುವ ತಾಳ್ಮೆಯಿರಲಿಲ್ಲ. ಹಾಗಾಗಿ ಸಾಲಪತ್ರದ ಬದಲು 'ಇದನ್ನು ಮಾರಿದ್ದೇವೆ, ಆಮೇಲೆ ಕೊಡುತ್ತೇವೆ' ಎಂದು ಬ್ಯಾಂಕುಗಳು ಬರೆದುಕೊಡುವ ಬ್ಯಾಂಕ್ ರಸೀತಿ ಕೈಯಿಂದ ಕೈಗೆ ಓಡಾಡತೊಡಗಿತು. ಬ್ಯಾಂಕ್ ಆಫ್ ಕರಾಡ್ ಮತ್ತು ಮೆಟ್ರೊಪಾಲಿಟನ್ ಸಹಕಾರಿ ಬ್ಯಾಂಕುಗಳಂಥ ಚಿಕ್ಕ ಸಂಸ್ಥೆಗಳು ಬೆನ್ನ ಹಿಂದೆ ಏನೂ ಇಲ್ಲದ ರಸೀತಿಗಳನ್ನು ಬರೆದುಕೊಟ್ಟವು. ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದ ಪುಸ್ತಕವನ್ನು ರಿಸರ್ವ್ ಬ್ಯಾಂಕಿನ ಪುಸ್ತಕದ ಪಕ್ಕದಲ್ಲಿಟ್ಟು ನೋಡಿದಾಗ ಐನೂರು ಕೋಟಿ ರೂಪಾಯಿಗೂ ಮೀರಿದ ಸಾಲಪತ್ರ ಒಂದರಲ್ಲಿತ್ತು, ಇನ್ನೊಂದರಲ್ಲಿರಲಿಲ್ಲ. ಎಲ್ಲ ಬ್ಯಾಂಕುಗಳ ಒಟ್ಟು ಕೊರತೆಯನ್ನು ಹಗರಣದ ತನಿಖೆ ನಡೆಸಿದ ಜಾನಕಿರಾಮನ್ ಸಮಿತಿ ನಾಲ್ಕು ಸಾವಿರ ಕೋಟಿಗೂ ಹೆಚ್ಚೆಂದು ಅಂದಾಜಿಸಿತು.

ಈ ಪ್ರಸಂಗದ ಪಾಠ ತಾಂತ್ರಿಕವೇ ಆಗಿತ್ತು. ಎರಡು ಸಂಸ್ಥೆಗಳು ಒಂದೇ ವ್ಯವಹಾರವನ್ನು ತಂತಮ್ಮ ಪುಸ್ತಕದಲ್ಲಿ ಬೇರೆ ಬೇರೆ ದಿನ ಬರೆದುಕೊಂಡರೆ ನಡುವಿನ ದಿನಗಳಲ್ಲಿ ಏನು ಬೇಕಾದರೂ ನಡೆಯುತ್ತದೆ. ಸಾಲ ಕಚೇರಿಯ ಲೆಕ್ಕ ಕಂಪ್ಯೂಟರಿಗೆ ಬಂತು. ಸಾಲಪತ್ರ ಕೈಬದಲಾದ ಗಳಿಗೆಯಲ್ಲೇ ಹಣವೂ ಕೈಬದಲಾಗುವ ವ್ಯವಸ್ಥೆ 1995ರಲ್ಲಿ ಜಾರಿಯಾಯಿತು. 2002ರಲ್ಲಿ ಇಂಥ ವಹಿವಾಟುಗಳನ್ನು ಇತ್ಯರ್ಥಪಡಿಸುವ ಕ್ಲಿಯರಿಂಗ್ ಕಾರ್ಪೊರೇಷನ್ ಕೆಲಸ ಶುರುಮಾಡಿತು. ಬ್ಯಾಂಕ್ ರಸೀತಿಯ ಆಟವನ್ನು ಆ ರೂಪದಲ್ಲಿ ಮತ್ತೆ ಯಾರೂ ಆಡಲಿಲ್ಲ; ತಂತ್ರಜ್ಞಾನದ ಗೆಲುವುಗಳಲ್ಲಿ ಇಷ್ಟು ಸ್ಪಷ್ಟವಾದವು ಹೆಚ್ಚಿಲ್ಲ.

ಅದೇ 1992ರ ಏಪ್ರಿಲಿನಲ್ಲಿ, ಬ್ಯಾಂಕಿಂಗ್ ಸುಧಾರಣೆ ಕುರಿತ ನರಸಿಂಹಂ ಸಮಿತಿಯ ಶಿಫಾರಸಿನಂತೆ, ರಿಸರ್ವ್ ಬ್ಯಾಂಕು ಎರಡನೆಯ ಹುಳುಕಿಗೂ ಕೈ ಹಾಕಿತು. ಸಾಲ ಇಂತಿಷ್ಟು ಕಾಲ ಬಾಕಿ ಬಿದ್ದರೆ ಅದು ಎನ್‌ಪಿಎ. ಆಮೇಲೆ ಕೈಗೆ ಬಾರದ ಬಡ್ಡಿಯನ್ನು ಆದಾಯವೆಂದು ಬರೆಯುವಂತಿಲ್ಲ. ನಷ್ಟಕ್ಕೆಂದು ಲಾಭದಿಂದ ಹಣ ತೆಗೆದಿಡಬೇಕು. ಹೊಸ ನಿಯಮದಲ್ಲಿ 1992-93ರ ಲೆಕ್ಕ ಬರೆದಾಗ ದೇಶ ಬೆಚ್ಚಿತು. ಸರ್ಕಾರಿ ಬ್ಯಾಂಕುಗಳ ಸಾಲದಲ್ಲಿ ಶೇ. 23ರಷ್ಟು ಎನ್‌ಪಿಎ. ಅವುಗಳ ಒಟ್ಟು ನಷ್ಟ ಮೂರು ಸಾವಿರ ಕೋಟಿ ರೂಪಾಯಿಗೂ ಹೆಚ್ಚು. ಹಿಂದಿನ ವರ್ಷದವರೆಗೆ ಲಾಭ ತೋರಿಸುತ್ತಿದ್ದ ಬ್ಯಾಂಕುಗಳೂ ಅದರಲ್ಲಿದ್ದವು. ಸಾಲಗಳು ಒಂದು ವರ್ಷದಲ್ಲಿ ಕೆಟ್ಟಿರಲಿಲ್ಲ, ಬರೆಯುವ ಬಗೆ ಬದಲಾಗಿತ್ತು. ಬಾಕಿಯ ಅವಧಿ ಮೊದಲು ನಾಲ್ಕು ತ್ರೈಮಾಸಿಕ, ಆಮೇಲೆ ಮೂರು, ಎರಡು ಎಂದು ಇಳಿದು 2004ರ ಮಾರ್ಚಿನಿಂದ 90 ದಿನಕ್ಕೆ ನಿಂತಿತು.

ತೊಂಬತ್ತು ದಿನ ಎಂಬುದು ಕೇಳಲು ಸರಳ. ಸಾವಿರಾರು ಶಾಖೆಗಳ ಕೋಟಿಗಟ್ಟಲೆ ಖಾತೆಗಳಲ್ಲಿ ಯಾವುದಕ್ಕೆ ಇವತ್ತು ತೊಂಬತ್ತನೆಯ ದಿನ ಎಂದು ಕೈಯಲ್ಲಿ ಎಣಿಸುವುದು ಆಗದ ಕೆಲಸ. ನಿಯಮ ಬಂದು ವರ್ಷಗಳಾದರೂ ಅದನ್ನು ಪಾಲಿಸುವ ಯಂತ್ರ ಬಂದಿರಲಿಲ್ಲ. ಮಾರ್ಚ್ 31ರ ನಂತರ ಶಾಖೆಯ ವ್ಯವಸ್ಥಾಪಕರು ಪಟ್ಟಿ ಹಿಡಿದು ಕೂರುತ್ತಿದ್ದರು, ಎದುರಿಗೆ ಶಾಖಾ ಆಡಿಟರು. ಈ ಖಾತೆ ಎನ್‌ಪಿಎ ಎಂದು ಆಡಿಟರು, ಮೊನ್ನೆಯಷ್ಟೇ ಕಂತು ಬಂದಿದೆ ಎಂದು ವ್ಯವಸ್ಥಾಪಕರು. ಒಪ್ಪದಿದ್ದರೆ ಆಡಿಟರು ಎಂಒಸಿ ಎಂಬ ತಿದ್ದುಪಡಿ ಹಾಳೆ ಬರೆಯುತ್ತಿದ್ದರು. ದೇಶದ ದೊಡ್ಡ ಬ್ಯಾಂಕುಗಳ ವಾರ್ಷಿಕ ಲಾಭ ಇಂಥ ಸಾವಿರಾರು ಮೇಜುಗಳ ಮೇಲಿನ ಚೌಕಾಶಿಯಿಂದ ಕೂಡಿ ಬರುತ್ತಿತ್ತು.

ಬ್ಯಾಂಕುಗಳನ್ನು ಪೂರ್ತಿ ಕಂಪ್ಯೂಟರಿನತ್ತ ದೂಡಿದವರಲ್ಲಿ ಭ್ರಷ್ಟಾಚಾರ ತಡೆಯುವ ಅಧಿಕಾರಿಯೊಬ್ಬರು ಇದ್ದರೆಂಬುದನ್ನು ಇಲ್ಲಿ ನೆನೆಯಬೇಕು. 1998ರಲ್ಲಿ ಕೇಂದ್ರ ಜಾಗೃತ ಆಯುಕ್ತರಾಗಿದ್ದ ಎನ್. ವಿಠ್ಠಲ್, ಸರ್ಕಾರಿ ಬ್ಯಾಂಕುಗಳು ತಮ್ಮ ವ್ಯವಹಾರದ ಶೇ. 70ರಷ್ಟನ್ನು 2001ರ ಜನವರಿ 1ರೊಳಗೆ ಕಂಪ್ಯೂಟರಿಗೆ ತರಬೇಕೆಂದು ಆದೇಶಿಸಿದರು. ಲೆಕ್ಕವನ್ನು ಯಂತ್ರಕ್ಕೆ ಒಪ್ಪಿಸುವುದು ಗ್ರಾಹಕರ ಅನುಕೂಲಕ್ಕಷ್ಟೇ ಅಲ್ಲ, ಕಳವು ತಡೆಯುವುದಕ್ಕೂ ಬೇಕು ಎಂದು ಅಧಿಕಾರದ ಸ್ಥಾನದಿಂದ ಅಷ್ಟು ನೇರವಾಗಿ ಹೇಳಿದವರು ಆಗ ಕಡಿಮೆ.

ಆ ಹೊತ್ತಿಗೆ ಬೆಂಗಳೂರಿನಲ್ಲಿ ಇನ್ಫೋಸಿಸ್‌ನ ಫಿನಾಕಲ್ ಎಂಬ ಬ್ಯಾಂಕಿಂಗ್ ತಂತ್ರಾಂಶ ತಯಾರಾಗಿತ್ತು. ಮುಂಬೈಯ ಐ-ಫ್ಲೆಕ್ಸ್ ಫ್ಲೆಕ್ಸ್‌ಕ್ಯೂಬ್ ಎಂಬುದನ್ನು ತಂದಿತ್ತು. ಮಂಗಳೂರಿನ ಕರ್ಣಾಟಕ ಬ್ಯಾಂಕು ಫಿನಾಕಲ್ ಅಳವಡಿಸಿಕೊಂಡು ಅದಕ್ಕೆ ಮನಿಪ್ಲಾಂಟ್ ಎಂದು ಹೆಸರಿಟ್ಟಿತು. ವಿಜಯಾ ಬ್ಯಾಂಕೂ ಫಿನಾಕಲ್‌ಗೇ ಹೋಯಿತು, ಸಿಂಡಿಕೇಟ್, ಕೆನರಾ ಬ್ಯಾಂಕುಗಳು ಫ್ಲೆಕ್ಸ್‌ಕ್ಯೂಬ್ ಹಿಡಿದವು. ಸ್ಟೇಟ್ ಬ್ಯಾಂಕು ಟಿಸಿಎಸ್‌ನೊಡನೆ ಕೈಜೋಡಿಸಿತು. 2010ರ ಮಾರ್ಚ್ ವೇಳೆಗೆ ಸರ್ಕಾರಿ ಬ್ಯಾಂಕುಗಳ ಶೇ. 90ರಷ್ಟು ಶಾಖೆಗಳು ಕೋರ್ ಬ್ಯಾಂಕಿಂಗ್, ಅಂದರೆ ಬ್ಯಾಂಕಿನ ಭಾಷೆಯ ಸಿಬಿಎಸ್, ಒಳಗೆ ಬಂದಿದ್ದವು.

ಸಿಬಿಎಸ್ ಬಂದದ್ದರಿಂದ ಶಾಖೆ ಎಂಬ ಲೆಕ್ಕದ ಘಟಕವೇ ಕರಗಿತು. ಲೆಡ್ಜರು ಶಾಖೆಯಲ್ಲಿಲ್ಲ, ದೂರದ ದತ್ತಾಂಶ ಕೇಂದ್ರದಲ್ಲಿದೆ. ಮಂಗಳೂರಿನ ಖರ್ಚೂ ಮುಂಬೈಯ ಜಮೆಯೂ ಒಂದೇ ಕ್ಷಣದಲ್ಲಿ, ಒಂದೇ ಪುಸ್ತಕದಲ್ಲಿ. ಶಾಖೆಗಳ ನಡುವಿನ ಜೋಡಿಯಾಗದ ನಮೂದುಗಳ ರಾಶಿ, ದಶಕಗಳಿಂದ ಸಮಿತಿಯಾದ ಮೇಲೆ ಸಮಿತಿ ಗೊಣಗಿದ ರಾಶಿ, ಕೆಲವೇ ವರ್ಷಗಳಲ್ಲಿ ಕುಸಿಯಿತು. ಬಡ್ಡಿ, ಶುಲ್ಕಗಳ ಸೋರಿಕೆ ತಗ್ಗಿತು. ಟ್ರಯಲ್ ಬ್ಯಾಲೆನ್ಸ್ ದಿನವೂ ಸಿಗತೊಡಗಿತು. ರಾತ್ರಿಯೆಲ್ಲ ಕೂತು ಪೈಸೆ ಹುಡುಕಿದ ಪೀಳಿಗೆ ಕಂಡಿದ್ದ ಕನಸು ಇದೇ, ಮತ್ತು ಅದು ನಿಜವಾಗಿಯೂ ನನಸಾಯಿತು.

ಎನ್‌ಪಿಎ ಎಣಿಕೆ ಮಾತ್ರ ಬಹಳ ಕಾಲ ಯಂತ್ರದ ಹೊರಗೇ ಉಳಿಯಿತು. 2011ರಲ್ಲಿ ರಿಸರ್ವ್ ಬ್ಯಾಂಕೂ ಹಣಕಾಸು ಸಚಿವಾಲಯವೂ ಒತ್ತಡ ಹಾಕಿ, ಕೆಟ್ಟ ಸಾಲವನ್ನು ವ್ಯವಸ್ಥೆಯೇ ಗುರುತಿಸಬೇಕೆಂದು ಕಟ್ಟುನಿಟ್ಟು ಮಾಡಿದವು. ಆ ವರ್ಷ ಹಲವು ಸರ್ಕಾರಿ ಬ್ಯಾಂಕುಗಳ ಎನ್‌ಪಿಎ ದಿಢೀರನೆ ಏರಿತು. ವ್ಯವಸ್ಥಾಪಕರ ಮೇಜಿನ ಮೇಲೆ ಚೌಕಾಶಿಗೆ ಸಿಕ್ಕಿ ಬದುಕಿಕೊಂಡಿದ್ದ ಸಣ್ಣ ಸಾಲಗಳು, ಕೃಷಿ ಸಾಲಗಳು, ತಾರೀಖನ್ನಷ್ಟೇ ನೋಡುವ ಯಂತ್ರದ ಕಣ್ಣಿಗೆ ಬಿದ್ದಿದ್ದವು.

ಇದಾದ ಎರಡು ವರ್ಷಕ್ಕೆ ಕೋಲ್ಕತ್ತದ ಯುನೈಟೆಡ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ನಡೆದದ್ದು ಈ ಇತಿಹಾಸದ ಅತಿ ಮುಖ್ಯ ಪ್ರಸಂಗಗಳಲ್ಲೊಂದು. 2013ರ ಡಿಸೆಂಬರ್ ತ್ರೈಮಾಸಿಕದಲ್ಲಿ ಆ ಬ್ಯಾಂಕು 1,238 ಕೋಟಿ ರೂಪಾಯಿ ನಷ್ಟ ತೋರಿಸಿತು, ಎನ್‌ಪಿಎ ಶೇ. 10.82. ಬ್ಯಾಂಕು ಬೊಟ್ಟು ಮಾಡಿದ್ದು ತನ್ನ ಸಾಫ್ಟ್‌ವೇರಿನತ್ತ: ಫಿನಾಕಲ್ ಕೆಟ್ಟ ಸಾಲಗಳನ್ನು ಸರಿಯಾಗಿ ಗುರುತಿಸಲಿಲ್ಲ ಎಂದು. ಇನ್ಫೋಸಿಸ್ ಆ ಆರೋಪವನ್ನು ಒಪ್ಪಲಿಲ್ಲ. ರಿಸರ್ವ್ ಬ್ಯಾಂಕು ಫೊರೆನ್ಸಿಕ್ ಆಡಿಟ್ ಮಾಡಿಸಿತು. 2014ರ ಫೆಬ್ರುವರಿಯಲ್ಲಿ ಬ್ಯಾಂಕಿನ ಅಧ್ಯಕ್ಷೆ ಅವಧಿಗೆ ಮುನ್ನವೇ ಸ್ವಯಂ ನಿವೃತ್ತಿ ಪಡೆದರು.

ಆರೋಪ ಪ್ರತ್ಯಾರೋಪಗಳನ್ನು ಬದಿಗಿಟ್ಟು ನೋಡಿದರೆ ಇಲ್ಲೊಂದು ಹೊಸ ಸಂಗತಿಯಿದೆ. ಭಾರತದ ಒಂದು ಬ್ಯಾಂಕು, ನಮ್ಮ ಲೆಕ್ಕ ತಪ್ಪಿದ್ದು ನಮ್ಮಿಂದಲ್ಲ, ಯಂತ್ರದಿಂದ ಎಂದು ಬಹಿರಂಗವಾಗಿ ಹೇಳಿತು. ಕೋರ್ ಬ್ಯಾಂಕಿಂಗ್ ತಂತ್ರಾಂಶ ತಾನಾಗಿ ಏನನ್ನೂ ತಿಳಿದುಕೊಂಡಿರುವುದಿಲ್ಲ. ಸಾಲದ ಕಂತು ಯಾವ ದಿನ, ಎಷ್ಟು, ಬೆಳೆ ಸಾಲವಾದರೆ ಯಾವ ಹಂಗಾಮು, ಮಂಜೂರಾತಿ ನವೀಕರಣ ಯಾವಾಗ ಎಂಬುದನ್ನೆಲ್ಲ ಖಾತೆ ತೆರೆಯುವಾಗಲೇ ತುಂಬಬೇಕು. ಹಳೆಯ ಲೆಡ್ಜರಿನಿಂದ ಅವಸರದಲ್ಲಿ ಏರಿಸಿದ ಲಕ್ಷಾಂತರ ಖಾತೆಗಳಲ್ಲಿ ಆ ಅಂಕಣಗಳು ಖಾಲಿಯಾಗಿಯೋ ತಪ್ಪಾಗಿಯೋ ಉಳಿದರೆ, ಗಡುವಿನ ದಿನಾಂಕವೇ ಇಲ್ಲದ ಸಾಲ ಎಂದಿಗೂ ಬಾಕಿ ಬೀಳುವುದಿಲ್ಲ. ದತ್ತಾಂಶದ ಶುದ್ಧಿ ಎಂಬುದು ಐಟಿ ವಿಭಾಗದ ಕೆಲಸ ಎಂದುಕೊಂಡಿದ್ದವರಿಗೆ ಅದು ನೇರವಾಗಿ ಲಾಭನಷ್ಟದ ಪ್ರಶ್ನೆ ಎಂಬುದು ಆಮೇಲೆ ಅರ್ಥವಾಯಿತು.

2014ರಲ್ಲೇ ರಿಸರ್ವ್ ಬ್ಯಾಂಕು ಇನ್ನೊಂದು ವ್ಯವಸ್ಥೆ ಕಟ್ಟಿತು. ಸುದ್ದಿಯಾದದ್ದಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಅದು. ಐದು ಕೋಟಿ ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಸಾಲ ಪಡೆದವರೆಲ್ಲರ ವಿವರಗಳನ್ನು ಎಲ್ಲ ಬ್ಯಾಂಕುಗಳಿಂದ ತರಿಸಿ ಒಂದೇ ಕಡೆ ಇಡುವ ಸಿಆರ್‌ಐಎಲ್‌ಸಿ ಎಂಬ ಭಂಡಾರ. ಒಬ್ಬನೇ ಸಾಲಗಾರ ಒಂದು ಬ್ಯಾಂಕಿನಲ್ಲಿ ಎನ್‌ಪಿಎ, ಪಕ್ಕದ ಬ್ಯಾಂಕಿನಲ್ಲಿ ಚೊಕ್ಕ ಗ್ರಾಹಕ ಎಂಬಂಥ ಸಂಗತಿ ಅದುವರೆಗೆ ಯಾರಿಗೂ ಪೂರ್ತಿ ಕಾಣುತ್ತಿರಲಿಲ್ಲ; ಈಗ ಒಂದೇ ಪರದೆಯ ಮೇಲೆ ಕಾಣತೊಡಗಿತು. ರಘುರಾಂ ರಾಜನ್ ಗವರ್ನರ್ ಆಗಿದ್ದಾಗ, 2015ರಲ್ಲಿ, ಆಸ್ತಿ ಗುಣಮಟ್ಟದ ವಿಶೇಷ ಪರಿಶೀಲನೆಗೆ ಕೈಹಾಕುವ ಬಲ ಬಂದದ್ದು ಇಂಥ ದತ್ತಾಂಶದಿಂದಲೂ ಹೌದು. 2015ರ ಮಾರ್ಚಿನಲ್ಲಿ ಶೇ. 5ಕ್ಕಿಂತ ಕೆಳಗಿದ್ದ ಬ್ಯಾಂಕುಗಳ ಎನ್‌ಪಿಎ 2018ರ ಮಾರ್ಚಿಗೆ ಶೇ. 11 ದಾಟಿತು.

ಖಾಸಗಿ ಬ್ಯಾಂಕುಗಳ ಕೆಟ್ಟ ಸಾಲವೂ ಹೊರಬಿತ್ತು. ತಾವು ಹೇಳಿದ ಎನ್‌ಪಿಎಗೂ ರಿಸರ್ವ್ ಬ್ಯಾಂಕಿನ ತಪಾಸಕರು ಕಂಡ ಎನ್‌ಪಿಎಗೂ ದೊಡ್ಡ ಅಂತರವಿದ್ದರೆ ಅದನ್ನು ಬಹಿರಂಗಪಡಿಸಬೇಕೆಂದು 2017ರ ಏಪ್ರಿಲಿನಲ್ಲಿ ನಿಯಮವಾಯಿತು. ಯೆಸ್ ಬ್ಯಾಂಕು 2015-16ಕ್ಕೆ ಹೇಳಿದ್ದು 749 ಕೋಟಿ. ತಪಾಸಕರು ಕಂಡದ್ದು 4,926 ಕೋಟಿ. ಆಕ್ಸಿಸ್ ಬ್ಯಾಂಕಿನ ಅಂತರ 9,000 ಕೋಟಿ ಮೀರಿತ್ತು. ಇವು ತಂತ್ರಜ್ಞಾನದಲ್ಲಿ ಹಿಂದುಳಿದ ಬ್ಯಾಂಕುಗಳಲ್ಲ, ದೇಶದ ಅತ್ಯಾಧುನಿಕ ಬ್ಯಾಂಕುಗಳು. ದೊಡ್ಡ ಉದ್ಯಮದ ಸಾಲ ಗಡುವಿಗೆ ಸರಿಯಾಗಿ ಕಟ್ಟಲ್ಪಡುತ್ತಿದ್ದರೆ, ಹಾಗೆ ಕಟ್ಟಲು ಹಣ ಕೊಟ್ಟದ್ದು ಹೊಸ ಸಾಲವೇ ಎಂಬುದನ್ನು ತೊಂಬತ್ತು ದಿನ ಎಣಿಸುವ ತಂತ್ರಾಂಶ ಕೇಳುವುದಿಲ್ಲ. ಕೇಳಬೇಕಾದ್ದು ಮನುಷ್ಯರು.

ಇನ್ನು ಪಂಜಾಬ್ ನ್ಯಾಷನಲ್ ಬ್ಯಾಂಕು. 2018ರ ಜನವರಿಯಲ್ಲಿ ಮುಂಬೈಯ ಬ್ರೇಡಿ ಹೌಸ್ ಶಾಖೆಗೆ ನೀರವ್ ಮೋದಿಯ ವಜ್ರದ ಕಂಪನಿಗಳವರು ಎಂದಿನಂತೆ ಜವಾಬ್ದಾರಿ ಪತ್ರ ಕೇಳಿ ಬಂದರು. ವಿದೇಶದಲ್ಲಿ ಬೇರೆ ಬ್ಯಾಂಕಿನಿಂದ ಸಾಲ ಪಡೆಯಲು ಈ ಬ್ಯಾಂಕು ಕೊಡುವ ಭರವಸೆ ಅದು. ಆ ಮೇಜಿನಲ್ಲಿ ಬಹುಕಾಲ ಕೂತಿದ್ದ ಅಧಿಕಾರಿ ನಿವೃತ್ತರಾಗಿದ್ದರು. ಹೊಸಬರು ಪೂರ್ತಿ ಮೊತ್ತಕ್ಕೆ ನಗದು ಮಾರ್ಜಿನ್ ಕೇಳಿದರು. ಇಷ್ಟು ವರ್ಷ ಮಾರ್ಜಿನ್ ಇಲ್ಲದೆಯೇ ಕೊಟ್ಟಿದ್ದೀರಲ್ಲ ಎಂದರು ಬಂದವರು. ಹೊಸ ಅಧಿಕಾರಿ ಸಿಬಿಎಸ್‌ನಲ್ಲಿ ಹುಡುಕಿದರೆ ಅಂಥ ಒಂದು ಪತ್ರವೂ ಇರಲಿಲ್ಲ.

ಪತ್ರಗಳೆಲ್ಲ ಹೋಗಿದ್ದವು, ಸ್ವಿಫ್ಟ್ ಮೂಲಕ. ವಿದೇಶದ ಬ್ಯಾಂಕುಗಳಿಗೆ ಸಂದೇಶ ಕಳಿಸುವ ಸ್ವಿಫ್ಟ್ ಒಂದು ಯಂತ್ರ, ಲೆಕ್ಕ ಬರೆಯುವ ಫಿನಾಕಲ್ ಇನ್ನೊಂದು. ಎರಡಕ್ಕೂ ತಂತಿ ಎಳೆದಿರಲಿಲ್ಲ. ಸಂದೇಶ ಕಳಿಸಿದವರು ಸಿಬಿಎಸ್‌ನಲ್ಲಿ ಅದನ್ನು ಕೈಯಾರೆ ದಾಖಲಿಸಬೇಕಿತ್ತು, ದಾಖಲಿಸಲಿಲ್ಲ. ಹಳೆಯ ಪತ್ರದ ಸಾಲ ತೀರಿಸಲು ಹೊಸ ಪತ್ರ, ಅದನ್ನು ತೀರಿಸಲು ಮತ್ತೊಂದು. 2011ರಿಂದ ಹೀಗೇ. ಮೊದಲ ದೂರು 280 ಕೋಟಿಯದು. ಫೆಬ್ರುವರಿ 14ರಂದು ಬ್ಯಾಂಕು ಲೋಕಕ್ಕೆ ತಿಳಿಸಿದ ಮೊತ್ತ 11,000 ಕೋಟಿಗೂ ಮೇಲೆ. ಅಷ್ಟು ವರ್ಷ ಆ ಬ್ಯಾಂಕಿನ ಆಸ್ತಿ-ಹೊಣೆ ಪಟ್ಟಿಯನ್ನು ಓದಿದ ಷೇರುದಾರರು, ಆಡಿಟರುಗಳು, ತಪಾಸಕರು ಯಾರೂ ಈ ಹೊಣೆಯನ್ನು ಕಂಡಿರಲಿಲ್ಲ. ಕಾಗದದ ಕಾಲದಲ್ಲಾದರೂ ಕಳಿಸಿದ ಪತ್ರದ ನಕಲು ಫೈಲಿನಲ್ಲಿ ಯಾರ ಕೈಗಾದರೂ ಸಿಗುವ ಸಂಭವವಿತ್ತು. ಎಲ್ಲವೂ ಸಿಬಿಎಸ್‌ನಲ್ಲಿದೆ ಎಂಬ ನಂಬಿಕೆಯೇ ಅದರ ಹೊರಗಿನದನ್ನು ನೋಡದಂತೆ ಮಾಡಿತು.

ಆ ವರ್ಷದ ಮಾರ್ಚ್ ತ್ರೈಮಾಸಿಕದಲ್ಲಿ ಬ್ಯಾಂಕಿನ ನಷ್ಟ 13,417 ಕೋಟಿ. ಸ್ವಿಫ್ಟ್ ದುರ್ಬಳಕೆಯ ಬಗ್ಗೆ 2016ರ ಆಗಸ್ಟಿನಿಂದ ಮೂರು ಬಾರಿ ಎಚ್ಚರಿಸಿದ್ದೆವು ಎಂದು ರಿಸರ್ವ್ ಬ್ಯಾಂಕು ಹೇಳಿತು, ಎರಡೂ ವ್ಯವಸ್ಥೆಗಳನ್ನು 2018ರ ಏಪ್ರಿಲ್ 30ರೊಳಗೆ ಜೋಡಿಸಲು ಗಡುವು ಕೊಟ್ಟಿತು. ಸ್ವಿಫ್ಟ್ ನಿಯಮ ಪಾಲಿಸದ್ದಕ್ಕೆ ಮರುವರ್ಷ ದಂಡ ತೆತ್ತ ಬ್ಯಾಂಕುಗಳು 36.

ದೊಡ್ಡ ಸರ್ಕಾರಿ ಬ್ಯಾಂಕಿಗೆ ನಷ್ಟವಾದರೆ ಸರ್ಕಾರ ಬಂಡವಾಳ ತುಂಬುತ್ತದೆ. ಸಹಕಾರಿ ಬ್ಯಾಂಕಿನ ಠೇವಣಿದಾರರಿಗೆ ಆ ಆಸರೆಯಿಲ್ಲ. 2019ರ ಸೆಪ್ಟೆಂಬರಿನಲ್ಲಿ ಪಂಜಾಬ್ ಮತ್ತು ಮಹಾರಾಷ್ಟ್ರ ಸಹಕಾರಿ ಬ್ಯಾಂಕಿನ ಗ್ರಾಹಕರು, ಕರ್ನಾಟಕದ ಶಾಖೆಗಳವರೂ ಸೇರಿ, ತಮ್ಮ ಹಣದಲ್ಲಿ ಸಾವಿರ ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ ಎಂಬ ಆದೇಶವನ್ನು ಬಾಗಿಲ ಮೇಲೆ ಓದಿದರು. ಆ ಬ್ಯಾಂಕಿನ ಸಾಲದ ಮುಕ್ಕಾಲು ಪಾಲಿನಷ್ಟು, 6,500 ಕೋಟಿ, ಎಚ್‌ಡಿಐಎಲ್ ಎಂಬ ಒಂದೇ ಕಟ್ಟಡೋದ್ಯಮ ಬಳಗದ ಕೈಯಲ್ಲಿ ಸಿಕ್ಕಿಬಿದ್ದಿತ್ತು. ಕೆಟ್ಟ 44 ಖಾತೆಗಳನ್ನು ಮರೆಮಾಡಲು 21,049 ನಕಲಿ ಸಾಲ ಖಾತೆಗಳನ್ನು ಹುಟ್ಟಿಸಲಾಗಿತ್ತು. ಸಣ್ಣ ಸಣ್ಣ ಮೊತ್ತದ, ಸಾಮಾನ್ಯ ಹೆಸರುಗಳ ಖಾತೆಗಳು. ತಪಾಸಕರ ಕಣ್ಣು ದೊಡ್ಡ ಖಾತೆಗಳ ಮೇಲಿರುತ್ತದೆ ಎಂಬುದು ಅದನ್ನು ಮಾಡಿದವರಿಗೆ ಗೊತ್ತಿತ್ತು. ಆ ಖಾತೆಗಳು ಸಿಬಿಎಸ್‌ನಲ್ಲಿ ಇರಲೇ ಇಲ್ಲ, ರಿಸರ್ವ್ ಬ್ಯಾಂಕಿಗೆ ಒಪ್ಪಿಸಿದ ಸಾಲಗಳ ಪಟ್ಟಿಯಲ್ಲಿ ಮಾತ್ರ ಇದ್ದವು. ಪಟ್ಟಿ ಸಿಬಿಎಸ್‌ನಿಂದ ನೇರವಾಗಿ ಇಳಿದು ಬಂದಿದೆಯೇ, ಯಾರಾದರೂ ಕೈಯಲ್ಲಿ ತಯಾರಿಸಿದ್ದೇ ಎಂದು ಒಮ್ಮೆ ತಾಳೆ ನೋಡಿದ್ದರೆ ಸಾಕಿತ್ತು. ಕೆಲವೇ ತಿಂಗಳಲ್ಲಿ, 2020ರ ಜನವರಿಯಲ್ಲಿ, ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೂ 35,000 ರೂಪಾಯಿಗಳ ಮಿತಿ ಬಿತ್ತು. ನಿವೃತ್ತಿಯ ಹಣವನ್ನೆಲ್ಲ ಅಲ್ಲಿಟ್ಟಿದ್ದ ಬಸವನಗುಡಿಯ ಹಿರಿಯರು ಬೀದಿಗೆ ಬಂದು ನಿಂತದ್ದನ್ನು ಕಂಡವರು, ಬ್ಯಾಂಕಿನ ಲೆಕ್ಕದ ಗುಣಮಟ್ಟ ಎಂಬುದನ್ನು ಆಡಿಟರುಗಳ ಒಳಮಾತೆಂದು ಮತ್ತೆ ತಳ್ಳಿಹಾಕಲಾರರು. ಅದೇ ಫೆಬ್ರುವರಿಯಲ್ಲಿ ಠೇವಣಿ ವಿಮೆ ಒಂದು ಲಕ್ಷದಿಂದ ಐದು ಲಕ್ಷಕ್ಕೇರಿತು.

2020ರ ಸೆಪ್ಟೆಂಬರ್ 14ರಂದು ರಿಸರ್ವ್ ಬ್ಯಾಂಕು ಹೊರಡಿಸಿದ ಸುತ್ತೋಲೆಯನ್ನು ಈ ಹಿನ್ನೆಲೆಯಲ್ಲಿಟ್ಟು ಓದಬೇಕು. 2011ರಲ್ಲೇ ಹೇಳಿದ್ದರೂ ಬ್ಯಾಂಕುಗಳು ಇನ್ನೂ ಕೈಯಲ್ಲೇ ಎನ್‌ಪಿಎ ಗುರುತಿಸುತ್ತಿವೆ, ಯಂತ್ರ ಗುರುತಿಸಿದ್ದನ್ನು ವಾಡಿಕೆಯೆಂಬಂತೆ ತಿದ್ದುತ್ತಿವೆ ಎಂಬುದನ್ನು ಅದು ಬರೆದೇ ಹೇಳಿತು. ಸಾಲ ಚಿಕ್ಕದಿರಲಿ ದೊಡ್ಡದಿರಲಿ ವರ್ಗೀಕರಣ, ನಷ್ಟಕ್ಕೆಂದು ತೆಗೆದಿಡುವ ಪ್ರಾವಿಷನ್, ಆದಾಯದ ಲೆಕ್ಕ ಎಲ್ಲವೂ 2021ರ ಜೂನ್ 30ರೊಳಗೆ ಯಂತ್ರದ ಕೈಗೆ ಬರಬೇಕು. ತೀರಾ ಅಪರೂಪಕ್ಕೆ ತಿದ್ದಲೇಬೇಕಾದರೆ ಇಬ್ಬರ ಒಪ್ಪಿಗೆ ಬೇಕು. ಯಾರು, ಯಾವಾಗ, ಏಕೆ ತಿದ್ದಿದರೆಂಬುದು ಅಳಿಸಲಾಗದಂತೆ ದಾಖಲಾಗಬೇಕು. 2021ರ ನವೆಂಬರಿನಲ್ಲಿ ಇನ್ನೊಂದು ಸುತ್ತೋಲೆ ಉದಾಹರಣೆ ಕೊಟ್ಟೇ ಬಿಡಿಸಿ ಹೇಳಿತು: ಮಾರ್ಚ್ 31ರ ಕಂತು ಆ ದಿನದ ಡೇ-ಎಂಡ್ ಪ್ರಕ್ರಿಯೆ ನಡೆಯುವಷ್ಟರಲ್ಲಿ ಬರದಿದ್ದರೆ ಜೂನ್ 29ರ ಡೇ-ಎಂಡ್‌ಗೆ ಆ ಸಾಲ ಎನ್‌ಪಿಎ. ತಿಂಗಳ ಕೊನೆಗೋ ತ್ರೈಮಾಸಿಕದ ಕೊನೆಗೋ ನೋಡೋಣ ಎನ್ನುವಂತಿಲ್ಲ. ಒಂದು ಕಂತು ಕಟ್ಟಿ ಮತ್ತೆ ಚೊಕ್ಕವಾಗುವಂತಿಲ್ಲ, ಪೂರ್ತಿ ಬಾಕಿ ತೀರಬೇಕು. 1992ರ ನಿಯಮ ತನ್ನನ್ನು ಜಾರಿಗೆ ತರಬಲ್ಲ ಯಂತ್ರವನ್ನು ಪಡೆದದ್ದು ಇಪ್ಪತ್ತೊಂಬತ್ತು ವರ್ಷಗಳ ನಂತರ.

ಎನ್‌ಪಿಎ 2025ರ ಮಾರ್ಚಿಗೆ ಶೇ. 2.3ಕ್ಕೆ ಇಳಿದಿತ್ತು. ಇದರಲ್ಲಿ ವಸೂಲಾಗದೆಂದು ಬರೆದು ಪುಸ್ತಕದಿಂದ ತೆಗೆದುಹಾಕಿದ ಸಾಲದ ಪಾಲು ದೊಡ್ಡದು. ಹಾಗಾಗಿ ಇಳಿಕೆಯೆಲ್ಲ ಯಂತ್ರದ ಕೃಪೆ ಎನ್ನಲಾಗದು. ಆದರೆ ಪ್ರಕಟವಾದ ಸಂಖ್ಯೆಯನ್ನು ಈಗ ಹತ್ತು ವರ್ಷಗಳ ಹಿಂದಿಗಿಂತ ಹೆಚ್ಚು ನಂಬಬಹುದು ಎಂಬುದು ನಿಸ್ಸಂದೇಹ.

ಸಾಲದ ಪುಸ್ತಕದ ಮಟ್ಟಿಗೆ ಈ ಮಾತು. ಖಜಾನೆಯ ಪುಸ್ತಕ ಬೇರೆ. 2025ರ ಮಾರ್ಚ್ 10ರಂದು ಇಂಡಸ್‌ಇಂಡ್ ಬ್ಯಾಂಕು ತನ್ನ ಡಿರೈವೇಟಿವ್ ಲೆಕ್ಕದಲ್ಲಿ ನಿವ್ವಳ ಮೌಲ್ಯದ ಶೇ. 2.35ರಷ್ಟು ವ್ಯತ್ಯಾಸವಿದೆ ಎಂದು ತಿಳಿಸಿತು. ಮರುದಿನ ಅದರ ಷೇರು ಶೇ. 27ರಷ್ಟು ಬಿತ್ತು. ವಿದೇಶಿ ಹಣದ ಅಪಾಯ ತಡೆಯಲು ಬ್ಯಾಂಕು ಹೊರಗಿನವರೊಡನೆ ಮಾಡಿಕೊಂಡ ವಹಿವಾಟಿಗೆ ಒಂದು ಬಗೆಯ ಲೆಕ್ಕ, ತನ್ನದೇ ಎರಡು ವಿಭಾಗಗಳ ನಡುವೆ ಮಾಡಿಕೊಂಡ ಒಳವಹಿವಾಟಿಗೆ ಇನ್ನೊಂದು ಬಗೆಯ ಲೆಕ್ಕ. ಆ ಎರಡರ ನಡುವೆ ವರ್ಷಗಳ ಕಾಲ ಕಾಗದದ ಲಾಭ ಬೆಳೆದಿತ್ತು. ಕೊನೆಗೆ ತಾಳೆ ಹಾಕಿದಾಗ ಮೊತ್ತ ಸುಮಾರು 1,960 ಕೋಟಿ. ಇಲ್ಲಿ ಯಾವ ನಮೂದೂ ಯಂತ್ರದಿಂದ ಹೊರಗಿರಲಿಲ್ಲ. ಪ್ರತಿ ವಹಿವಾಟೂ ದಾಖಲಾಗಿತ್ತು, ಯಂತ್ರ ತನಗೆ ಹೇಳಿಕೊಟ್ಟ ಲೆಕ್ಕದ ನೀತಿಯನ್ನು ದಿನವೂ ತಪ್ಪದೆ ಪಾಲಿಸಿತ್ತು. ಕೆಟ್ಟದ್ದು ನೀತಿ. ಅದು ಹೊರಬರಲು ಕಾರಣ, ಇಂಥ ಒಳವಹಿವಾಟುಗಳನ್ನು 2024ರ ಏಪ್ರಿಲ್ 1ರಿಂದ ನಿಲ್ಲಿಸಿದ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಮತ್ತು ಅದಕ್ಕಾಗಿ ಹಳೆಯ ವಹಿವಾಟುಗಳನ್ನು ಕೂತು ಓದಿದ ಮನುಷ್ಯರು.

ಮುಂದಿನ ಘಟ್ಟಕ್ಕೆ ತಾರೀಖು ಬಿದ್ದಿದೆ. 2025ರ ಅಕ್ಟೋಬರಿನಲ್ಲಿ ರಿಸರ್ವ್ ಬ್ಯಾಂಕು ಪ್ರಕಟಿಸಿದ ಕರಡಿನಂತೆ 2027ರ ಏಪ್ರಿಲ್ 1ರಿಂದ ಬ್ಯಾಂಕುಗಳು ಸಾಲ ಕೆಡುವವರೆಗೆ ಕಾಯದೆ, ಕೆಡಬಹುದಾದ ನಷ್ಟವನ್ನು ಮೊದಲೇ ಅಂದಾಜಿಸಿ ಹಣ ತೆಗೆದಿಡಬೇಕು. ತೊಂಬತ್ತು ದಿನವನ್ನು ಯಾರಾದರೂ ಕ್ಯಾಲೆಂಡರ್ ನೋಡಿ ಎಣಿಸಬಹುದು. ಸಾಲ ಕೆಡುವ ಸಂಭವವನ್ನು ಹೇಳುವುದು ಹಳೆಯ ದತ್ತಾಂಶ ಉಂಡು ಬೆಳೆದ ಗಣಿತದ ಮಾದರಿ. ಅದಕ್ಕೆ ಉಣಿಸುವ ದತ್ತಾಂಶದಲ್ಲಿ ಆ ಕೋಲ್ಕತ್ತದ ಬ್ಯಾಂಕಿನ ಖಾಲಿ ಅಂಕಣಗಳ ಕಾಲದ ಖಾತೆಗಳೂ, 2015ಕ್ಕೆ ಮುಂಚೆ ಚೊಕ್ಕವೆಂದು ಬರೆಸಿಕೊಂಡ ಸಾಲಗಳೂ ಇರುತ್ತವೆ. ಬ್ಯಾಂಕುಗಳ ಅಪಾಯ ನಿರ್ವಹಣಾ ವಿಭಾಗಗಳಲ್ಲಿ ಈಗ ನಡೆಯಬೇಕಾದ ಕೆಲಸ ಬಹುಮಟ್ಟಿಗೆ ಅದೇ: ಆ ಹಳೆಯ ವರ್ಷಗಳ ಖಾತೆಗಳನ್ನು ಒಂದೊಂದಾಗಿ ತೆರೆದು, ಯಾವ ತಾರೀಖು ನಿಜ, ಯಾವುದು ಆಮೇಲೆ ತುಂಬಿದ್ದು ಎಂದು ಬೇರ್ಪಡಿಸುವುದು.